ಊರಿನ ದುಡಿಮೆ, ಊರಿನ ಜಾಝ್

ಜಾಝ್ ಸಂಗೀತ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿ, ಮಿಸಿಸಿಪಿ ನದಿಯ ಹಡಗುಗಳನ್ನೇರಿ ಉತ್ತರಕ್ಕೆ ಸಾಗಿ ಷಿಕಾಗೊ ಸೇರಿತು ಎಂಬ ಕತೆಯನ್ನು ಬಹಳ ಕಾಲದಿಂದ ಹೇಳಿಕೊಂಡು ಬರಲಾಗಿದೆ. ಕತೆಗೆ ಒಂದೇ ತೊಡಕು: ಮಿಸಿಸಿಪಿ ಷಿಕಾಗೊವನ್ನು ಮುಟ್ಟುವುದೇ ಇಲ್ಲ. ಆ ನಗರ ಇರುವುದು ಮಿಷಿಗನ್ ಸರೋವರದ ದಂಡೆಯ ಮೇಲೆ. ನದಿ ಹರಿಯುವುದು ಅಲ್ಲಿಂದ ಬಹುದೂರ ಪಶ್ಚಿಮಕ್ಕೆ. ಹಡಗುಗಳಲ್ಲಿ ನುಡಿಸಿದ ವಾದಕರು ಇದ್ದರು ನಿಜ, ಲೂಯಿ ಆರ್ಮ್‌ಸ್ಟ್ರಾಂಗ್ ಕೂಡ ಫೇಟ್ ಮಾರಬಲ್ ಅವರ ಹಡಗಿನ ಬ್ಯಾಂಡಿನಲ್ಲಿ ದುಡಿದವರೇ. ಆದರೆ 1922ರಲ್ಲಿ ಅವರು ಷಿಕಾಗೊಗೆ ಹೋದದ್ದು ರೈಲಿನಲ್ಲಿ, ಅಲ್ಲಿ ಆಗಲೇ ನೆಲೆಯೂರಿದ್ದ ಕಾರ್ನೆಟ್ ವಾದಕ ಕಿಂಗ್ ಆಲಿವರ್ ಕರೆ ಕಳಿಸಿದ್ದರಿಂದ, ಸಂಬಳದ ಕೆಲಸಕ್ಕೆ. ನದಿಯೋ ರೈಲೋ, ಅದೇನು ಮಹಾ ವ್ಯತ್ಯಾಸ ಅನ್ನಿಸಬಹುದು. ಆದರೆ ನದಿಯ ಕತೆಯ ಜೊತೆಗೆ ಒಂದು ದೊಡ್ಡ ನಂಬಿಕೆ ಅಂಟಿಕೊಂಡು ಬರುತ್ತದೆ: ಸಂಗೀತ ತಾನಾಗಿ ಹರಿಯುತ್ತದೆ, ಹೋದ ಊರಿನ ಮಣ್ಣಿನ ಬಣ್ಣವನ್ನು ತಾನಾಗಿ ಮೈಗೆ ಹಚ್ಚಿಕೊಳ್ಳುತ್ತದೆ. ಹಾಗೆ ನಂಬಿದವರು ಪ್ರತಿ ನಗರಕ್ಕೂ ಒಂದೊಂದು ಸ್ವಭಾವ ಕಟ್ಟಿ ಮುಗಿಸುತ್ತಾರೆ. ನ್ಯೂ ಆರ್ಲಿಯನ್ಸ್ ಜಾತ್ರೆಯ ಊರು, ಷಿಕಾಗೊ ಒರಟು, ಕಾನ್ಸಾಸ್ ಸಿಟಿ ನಿರಾಳ, ನ್ಯೂಯಾರ್ಕ್ ನಾಜೂಕು, ಲಾಸ್ ಏಂಜಲೀಸ್ ತಣ್ಣಗೆ. ಸಂಗೀತವೂ ಹಾಗೇ, ಅಲ್ಲಿಗೆ ಮಾತು ಮುಗಿಯಿತು.

ಓದಲು ಚೆಂದವಾದ ಈ ವರ್ಣನೆ ವಿವರಣೆಯಾಗಿ ಟೊಳ್ಳು. ಊರು ಒರಟಾದ್ದರಿಂದ ಸಂಗೀತ ಒರಟು ಎನ್ನುತ್ತೇವೆ. ಊರು ಒರಟೆಂದು ಹೇಗೆ ತಿಳಿಯಿತು ಎಂದು ಕೇಳಿದರೆ ಅದೇ ಸಂಗೀತದ ಕಡೆ ಬೆರಳು ತೋರಿಸುತ್ತೇವೆ. ನನ್ನ ವಾದ ಇಷ್ಟು: ಒಂದು ನಗರದ ಜಾಝ್ ಶೈಲಿ ಎಂದರೆ ಆ ನಗರದಲ್ಲಿ ವಾದಕರು ಯಾವ ಷರತ್ತುಗಳ ಮೇಲೆ ದುಡಿಯಬೇಕಾಗಿ ಬಂತೋ ಆ ಷರತ್ತುಗಳಿಗೆ ಅವರು ಕೊಟ್ಟ ಉತ್ತರ. ಹಣ ಕೊಡುವವರು ಯಾರು, ಎಷ್ಟು ಹೊತ್ತು ನುಡಿಸಬೇಕು, ಎದುರಿಗಿದ್ದವರು ಕುಣಿಯುತ್ತಿದ್ದಾರೋ ಕುಳಿತಿದ್ದಾರೋ, ಜಾಗ ಬೀದಿಯೋ ಬಾಡಿಗೆ ಮನೆಯ ಕೋಣೆಯೋ, ಪೊಲೀಸರು ಯಾವ ಹೊತ್ತಿಗೆ ಬಾಗಿಲು ಹಾಕಿಸುತ್ತಾರೆ, ವಾದಕರ ಸಂಘ ಯಾವುದಕ್ಕೆ ದಂಡ ಹಾಕುತ್ತದೆ, ಯಾವ ಬಣ್ಣದವರಿಗೆ ಯಾವ ಬಾಗಿಲು ಮುಚ್ಚಿದೆ. ಇವೆಲ್ಲ ಸಂಗೀತದ ಹೊರಗಿನ ಸಂಗತಿಗಳಂತೆ ಕಾಣುತ್ತವೆ. ಆದರೆ ಒಂದು ಹಾಡು ಎಷ್ಟು ದೀರ್ಘ, ಮೇಳದಲ್ಲಿ ಎಷ್ಟು ಜನ, ಬರೆದದ್ದನ್ನು ನುಡಿಸುವುದೋ ನೆನಪಿನಿಂದಲೋ, ಒಬ್ಬರು ಮುಂದೆ ನಿಲ್ಲುತ್ತಾರೋ ಎಲ್ಲರೂ ಸೇರಿ ನುಡಿಸುತ್ತಾರೋ ಎಂಬುದನ್ನೆಲ್ಲ ತೀರ್ಮಾನಿಸಿದ್ದು ಇವೇ.

ನ್ಯೂ ಆರ್ಲಿಯನ್ಸ್‌ನಿಂದಲೇ ನೋಡೋಣ. 1900ರ ಆಸುಪಾಸಿನಲ್ಲಿ ಅಲ್ಲಿನ ವಾದಕರಿಗೆ ಕೆಲಸ ಕೊಡುತ್ತಿದ್ದವರು ಯಾರು? ಸೂಳೆಗೇರಿ ಎಂಬುದು ಸಿನಿಮಾ ಕೊಡುವ ಉತ್ತರ. ಆದರೆ ನಗರಸಭೆಯ 1897ರ ಕಟ್ಟಳೆಯಿಂದ ಹುಟ್ಟಿದ, ಸ್ಟೋರಿವಿಲ್ ಎಂಬ ಆ ಬಡಾವಣೆಯ ಮನೆಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು ಒಬ್ಬ ಪಿಯಾನೊ ವಾದಕ ಮಾತ್ರ. ಬ್ಯಾಂಡುಗಳಿಗೆ ಅಲ್ಲಿನ ಕೆಲವು ಸಲೂನು, ಕುಣಿತದ ಹಾಲುಗಳಲ್ಲಷ್ಟೆ ಕೆಲಸ. 1917ರಲ್ಲಿ ನೌಕಾಪಡೆಯ ಒತ್ತಾಯಕ್ಕೆ ಆ ಬಡಾವಣೆ ಮುಚ್ಚಿದ್ದರಿಂದಲೇ ಜಾಝ್ ಊರು ಬಿಟ್ಟಿತು ಎಂಬ ಮಾತೂ ನಿಲ್ಲುವುದಿಲ್ಲ. ಜೆಲ್ಲಿ ರೋಲ್ ಮಾರ್ಟನ್, ಫ್ರೆಡ್ಡಿ ಕೆಪ್ಪರ್ಡ್ ಅದಕ್ಕೂ ವರ್ಷಗಳ ಹಿಂದೆಯೇ ಹೊರಟಿದ್ದರು. ಬಹಳ ಮಂದಿ ಆಮೇಲೂ ಅಲ್ಲೇ ಉಳಿದರು. ಬ್ಯಾಂಡುಗಳನ್ನು ನಿಜವಾಗಿ ಸಾಕಿದ್ದು ಕಪ್ಪು ಜನರ ಪರಸ್ಪರ ಸಹಾಯ ಸಂಘಗಳು. ತಿಂಗಳ ವಂತಿಗೆ ಕಟ್ಟಿದ ಸದಸ್ಯನಿಗೆ ಕಾಯಿಲೆ ಬಿದ್ದಾಗ ವೈದ್ಯರು, ಔಷಧ. ಸತ್ತಾಗ ಬ್ಯಾಂಡಿನೊಂದಿಗೆ ಮೆರವಣಿಗೆಯ ಶವಸಂಸ್ಕಾರ. ಸ್ಮಶಾನಕ್ಕೆ ಹೋಗುವಾಗ ನಿಧಾನದ ಭಕ್ತಿಗೀತೆ, ಮಣ್ಣು ಮಾಡಿ ಮರಳುವಾಗ ಕುಣಿತದ ಲಯ, ಹಿಂದೆ ಹಾಡಿ ಕುಣಿಯುತ್ತ ಬರುವ ಜನರ ಹಿಂಡು. ಇದರ ಜೊತೆಗೆ ಸಂಘದ ವಾರ್ಷಿಕ ಮೆರವಣಿಗೆ, ಹಾಲಿನ ಕುಣಿತ, ತೋಟದ ಔತಣ, ಚುನಾವಣೆ, ಅಂಗಡಿಯ ಜಾಹೀರಾತು ಗಾಡಿ. ಹೆಚ್ಚಿನ ಕೆಲಸವೆಲ್ಲ ಬಯಲಿನದು, ನಡೆಯುತ್ತ ಮಾಡುವಂಥದು.

ಬಯಲಲ್ಲಿ, ಮೈಕಿಲ್ಲದ ಕಾಲದಲ್ಲಿ, ನಡೆಯುತ್ತ ನುಡಿಸುವವರಿಗೆ ಏಕವಾದನದಿಂದ ಪ್ರಯೋಜನ ಕಡಿಮೆ. ಒಬ್ಬರು ಬಹಳ ಹೊತ್ತು ಮುಂದೆ ನಿಂತು ಮೆರೆದರೆ ಉಳಿದವರು ಸುಮ್ಮನೆ ಹೆಜ್ಜೆ ಹಾಕಬೇಕಾಗುತ್ತದೆ, ಬೀದಿಯ ಕೊನೆಗೆ ಸದ್ದೇ ಮುಟ್ಟುವುದಿಲ್ಲ. ಕಾರ್ನೆಟ್ ಧಾಟಿಯನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ಕ್ಲಾರಿನೆಟ್ ಅದರ ಮೇಲೆ ಸ್ವರಗಳ ಕುಸುರಿ ಹೆಣೆಯುತ್ತದೆ, ಟ್ರಾಂಬೋನ್ ಕೆಳಗಿನ ಸ್ಥಾಯಿಯಲ್ಲಿ ಜಾರಿ ಜಾರಿ ಬಂದು ಆಸರೆಯಾಗುತ್ತದೆ. ಮೂರೂ ಬೇರೆ ಬೇರೆ ಎತ್ತರದಲ್ಲಿರುವುದರಿಂದ ಒಂದರ ದಾರಿಗೆ ಒಂದು ಅಡ್ಡ ಬರುವುದಿಲ್ಲ. ನ್ಯೂ ಆರ್ಲಿಯನ್ಸಿನ ಗುರುತಾದ ಈ ಸಾಮೂಹಿಕ ಮನೋಧರ್ಮದ ಹಿಂದೆ ಇನ್ನೂ ಒಂದು ಕಹಿ ಕಾರಣವಿದೆ. ಫ್ರೆಂಚ್ ಮೂಲದ ಮಿಶ್ರ ಸಂತತಿಯ ಕ್ರಿಯೋಲ್ ಜನ ಸ್ವರಲಿಪಿ ಓದಬಲ್ಲವರು, ಟಿಯೊ ಮನೆತನದಂಥ ಗುರುಗಳ ಬಳಿ ಕ್ಲಾರಿನೆಟ್ ಕಲಿತವರು. ರೈಲಿನಲ್ಲಿ ಕಪ್ಪು ಬಿಳಿ ಜನರಿಗೆ ಬೇರೆ ಡಬ್ಬಿ ಎಂದ 1890ರ ಲೂಯಿಸಿಯಾನ ಕಾನೂನು ಅವರನ್ನೂ ಕಪ್ಪು ಜನರ ಸಾಲಿಗೇ ತಳ್ಳಿತು. ಅದನ್ನು ಪ್ರಶ್ನಿಸಿದ ಹೋಮರ್ ಪ್ಲೆಸಿ ಇದೇ ಊರಿನ ಕ್ರಿಯೋಲ್. 1896ರಲ್ಲಿ ಸುಪ್ರೀಂ ಕೋರ್ಟು ಅವರ ವಿರುದ್ಧ ತೀರ್ಪು ಕೊಟ್ಟಿತು. ಬಿಳಿಯರ ಸಮಾರಂಭಗಳ ಕೆಲಸ ಕೈತಪ್ಪುತ್ತ ಬಂದಂತೆ ಈ ಓದುಬಲ್ಲ ವಾದಕರು ಅಪ್‌ಟೌನ್ ಭಾಗದ ಕೇಳಿಕಲಿತ ವಾದಕರ ಜೊತೆ ಒಂದೇ ಬ್ಯಾಂಡಿನಲ್ಲಿ ನಿಲ್ಲಬೇಕಾಯಿತು. ಕುಸುರಿಯ ಕ್ಲಾರಿನೆಟ್, ಬ್ಲೂಸ್ ಬಣ್ಣದ ಕಾರ್ನೆಟ್ ಎರಡೂ ಒಟ್ಟಿಗೆ ಕೇಳಿಸುವುದಕ್ಕೆ ಆ ಅನ್ಯಾಯದ ಕಾನೂನೂ ಕಾರಣ.

ಇಲ್ಲಿ ಒಂದು ಆಕ್ಷೇಪ ಬರಬೇಕು, ಬರಲಿ. ನ್ಯೂ ಆರ್ಲಿಯನ್ಸ್ ಶೈಲಿಯೆಂದು ನಾವು ಕೇಳುವ ಧ್ವನಿಮುದ್ರಣಗಳಲ್ಲಿ ಹೆಸರಾದವೆಲ್ಲ ಬೇರೆ ಊರಿನವು. ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಝ್ ಬ್ಯಾಂಡ್ ಎಂಬ ಬಿಳಿಯರ ತಂಡ 1917ರಲ್ಲಿ ನ್ಯೂಯಾರ್ಕಿನಲ್ಲಿ ನುಡಿಸಿತು, ಕಿಡ್ ಓರಿ 1922ರಲ್ಲಿ ಲಾಸ್ ಏಂಜಲೀಸಿನಲ್ಲಿ, ಕಿಂಗ್ ಆಲಿವರ್ 1923ರಲ್ಲಿ ಇಂಡಿಯಾನದ ರಿಚ್ಮಂಡ್‌ನಲ್ಲಿ. ಹಾಗಾದರೆ ಊರಿನ ದುಡಿಮೆಗೂ ಆ ಶೈಲಿಗೂ ಏನು ಸಂಬಂಧ? ಸಂಬಂಧ ಪರೀಕ್ಷಿಸಲು ಊರು ಬಿಡದೆ ಉಳಿದವರನ್ನು ಕೇಳಬೇಕು. ಸ್ಯಾಮ್ ಮಾರ್ಗನ್ ಅವರ ತಂಡ 1927ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲೇ ಧ್ವನಿಮುದ್ರಣ ಮಾಡಿತು. ಆ ಹೊತ್ತಿಗೆ ಷಿಕಾಗೊದಲ್ಲಿ ಆರ್ಮ್‌ಸ್ಟ್ರಾಂಗ್ ಏಕವಾದನದ ಅರ್ಥವನ್ನೇ ಬದಲಿಸಿದ್ದರು, ಧ್ವನಿಮುದ್ರಣದ ತಟ್ಟೆಗಳು ದೇಶದ ತುಂಬ ಮಾರಾಟವಾಗುತ್ತಿದ್ದವು. ಆದರೂ ಮಾರ್ಗನ್ ತಂಡದಲ್ಲಿ ಮೊದಲಿನಿಂದ ಕೊನೆಯ ತನಕ ಮೇಳವೇ ಪ್ರಧಾನ. ಸ್ಯಾಕ್ಸೊಫೋನು ಬಂದು ಸೇರಿದೆ, ಲಯ ಹಗುರಾಗಿದೆ, ಆದರೆ ಯಾರೂ ಮೇಳವನ್ನು ಹಿಂದಿಕ್ಕಿ ಓಡುವುದಿಲ್ಲ. ಅವರ ಅನ್ನ ಆಗಲೂ ಹಾಲಿನ ಕುಣಿತದಲ್ಲೇ ಇತ್ತು.

ಷಿಕಾಗೊದಲ್ಲಿ ಬದಲಾದದ್ದು ಅನ್ನದ ದಾರಿ. ದಕ್ಷಿಣದ ಹತ್ತಿಯ ಹೊಲಗಳನ್ನು ಬಿಟ್ಟು ಬಂದ ವಲಸೆಯಿಂದ ಆ ನಗರದ ಕಪ್ಪು ಜನಸಂಖ್ಯೆ 1910ರಲ್ಲಿ ಸುಮಾರು 44 ಸಾವಿರ ಇದ್ದದ್ದು 1920ಕ್ಕೆ 1 ಲಕ್ಷ 9 ಸಾವಿರಕ್ಕೆ, 1930ಕ್ಕೆ ಸುಮಾರು 2 ಲಕ್ಷ 34 ಸಾವಿರಕ್ಕೆ ಏರಿತು. ಕಸಾಯಿಖಾನೆ, ಉಕ್ಕಿನ ಕಾರ್ಖಾನೆಗಳ ಕೂಲಿ ಕೈಗೆ ಬರುತ್ತಿದ್ದಂತೆ ಸೌತ್ ಸೈಡಿನ ಸ್ಟೇಟ್ ಬೀದಿಯುದ್ದಕ್ಕೂ ಕ್ಯಾಬರೆಗಳು ಎದ್ದವು. 1920ರಲ್ಲಿ ಪಾನನಿಷೇಧ ಬಂತು, ಕಳ್ಳಮದ್ಯದ ಹಣ ಇನ್ನಷ್ಟು ಕ್ಯಾಬರೆಗಳಿಗೆ ಹರಿಯಿತು. ಬೀದಿಯ ಜಾಗಕ್ಕೆ ಮೇಜು ಬಂತು. ಗಿರಾಕಿ ಕುಳಿತಿದ್ದಾನೆ, ನೋಡುತ್ತಿದ್ದಾನೆ, ನಾಳೆ ಎದುರಿನ ಕ್ಯಾಬರೆಗೆ ಹೋಗಬಲ್ಲ; ಅವನನ್ನು ಹಿಡಿದಿಡಲು ಮಾಲೀಕನಿಗೆ ಬೋರ್ಡಿನ ಮೇಲೆ ಬರೆಸಲು ಒಂದು ಹೆಸರು ಬೇಕು. 1922ರಲ್ಲಿ ಲಿಂಕನ್ ಗಾರ್ಡನ್ಸ್ ಎಂಬ ಕುಣಿತದ ಹಾಲಿನಲ್ಲಿ ಆರ್ಮ್‌ಸ್ಟ್ರಾಂಗ್ ಆಲಿವರ್ ಅವರ ಎರಡನೆಯ ಕಾರ್ನೆಟ್. ಮೂರು ವರ್ಷ ಕಳೆಯುವಷ್ಟರಲ್ಲಿ ಡ್ರೀಮ್‌ಲ್ಯಾಂಡ್ ಕ್ಯಾಬರೆಯ ಜಾಹೀರಾತಿನಲ್ಲಿ ಅವರು ಜಗತ್ತಿನ ಅತಿಶ್ರೇಷ್ಠ ವಾದಕ. ಆ ಬಿರುದು ಹಾಕಿಸಿದ್ದು ಪಿಯಾನೊ ವಾದಕಿಯೂ ಬ್ಯಾಂಡಿನ ಯಜಮಾನಿಯೂ ಆಗಿದ್ದ ಅವರ ಪತ್ನಿ ಲಿಲ್ ಹಾರ್ಡಿನ್. ಷಿಕಾಗೊದ ಮಾರುಕಟ್ಟೆಯನ್ನು ಆಕೆ ಗಂಡನಿಗಿಂತ ಚೆನ್ನಾಗಿ ಓದಿದ್ದರು.

ಷಿಕಾಗೊ ಶೈಲಿ ಎಂಬ ಹೆಸರು ಮಾತ್ರ ಆಮೇಲೆ ಅಂಟಿದ್ದು ಆಸ್ಟಿನ್ ಹೈಸ್ಕೂಲಿನ ಜಿಮ್ಮಿ ಮ್ಯಾಕ್‌ಪಾರ್ಟ್‌ಲ್ಯಾಂಡ್, ಫ್ರಾಂಕ್ ಟೆಶೆಮಾಕರ್, ಬಡ್ ಫ್ರೀಮನ್ ಮುಂತಾದ ಬಿಳಿಯ ಹುಡುಗರಿಗೆ. ಇದೂ ದುಡಿಮೆಯ ಗಡಿರೇಖೆ ಬರೆದ ಚಿತ್ರವೇ. ಊರಿನಲ್ಲಿ ವಾದಕರ ಸಂಘಗಳು ಎರಡು: ಬಿಳಿಯರದು 10ನೆಯ ಶಾಖೆ, ಕಪ್ಪು ಜನರದು 208ನೆಯ ಶಾಖೆ, ಅವು ಒಂದಾದದ್ದು 1966ರಲ್ಲಿ. ಸೌತ್ ಸೈಡಿಗೆ ಹೋಗಿ ಆಲಿವರ್ ಅವರನ್ನು ಕೇಳಿ ಬರಲು ಬಿಳಿಯ ಹುಡುಗರಿಗೆ ಅಡ್ಡಿಯಿರಲಿಲ್ಲ. ನಗರದ ನಡುವಿನ ದೊಡ್ಡ ಹೋಟೆಲುಗಳ ಕೆಲಸ ಕಪ್ಪು ವಾದಕರಿಗೆ ಸಿಗುತ್ತಿರಲಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಷರತ್ತು, ಸಂಬಳ, ಬೋರ್ಡು ಎಲ್ಲ ಇರಲಿ, ಆರ್ಮ್‌ಸ್ಟ್ರಾಂಗ್ ಎಲ್ಲಿದ್ದರೂ ಆರ್ಮ್‌ಸ್ಟ್ರಾಂಗ್ ಆಗುತ್ತಿರಲಿಲ್ಲವೇ? ಪ್ರತಿಭೆಯನ್ನು ಬಾಡಿಗೆ ಕರಾರಿನಿಂದ ವಿವರಿಸುವುದು ಅವಮಾನವಲ್ಲವೇ? ಪ್ರತಿಭೆ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಒಂದೇ ಪ್ರತಿಭೆ ಬೇರೆ ಬೇರೆ ಊರಿನಲ್ಲಿ ಏನಾಯಿತು ಎಂದು ನೋಡಿದರೆ ಸಾಕು. 1924ರಲ್ಲಿ ಆರ್ಮ್‌ಸ್ಟ್ರಾಂಗ್ ನ್ಯೂಯಾರ್ಕಿಗೆ ಹೋಗಿ ಫ್ಲೆಚರ್ ಹೆಂಡರ್ಸನ್ ಅವರ ಬ್ಯಾಂಡು ಸೇರಿದರು. ಬ್ರಾಡ್ವೇಯ ರೋಸ್‌ಲ್ಯಾಂಡ್ ಹಾಲಿನಲ್ಲಿ ಬಿಳಿಯ ಜೋಡಿಗಳ ಕುಣಿತಕ್ಕೆ ನುಡಿಸುವ ಬ್ಯಾಂಡು ಅದು. ಹಾಡು ಪ್ರಕಾಶಕರ ಕಚೇರಿಗಳೆಲ್ಲ ಆ ಊರಿನಲ್ಲಿ. ಹೊಸ ಹೊಸ ಹಾಡು ಬರುತ್ತಲೇ ಇರುತ್ತಿದ್ದವು, ವಾಲ್ಟ್ಸ್ ಕೂಡ ನುಡಿಸಬೇಕಿತ್ತು, ಎಲ್ಲವನ್ನೂ ಡಾನ್ ರೆಡ್‌ಮನ್ ಕಾಗದದ ಮೇಲೆ ಜೋಡಿಸಿ ಕೊಡುತ್ತಿದ್ದರು. ಅಲ್ಲಿ ಆರ್ಮ್‌ಸ್ಟ್ರಾಂಗ್‌ಗೆ ಸಿಕ್ಕಿದ್ದು ಬರೆದ ಪುಟಗಳ ನಡುವಿನ ಕೆಲವು ಆವರ್ತ ಮಾತ್ರ. ಆ ಕೆಲವು ಆವರ್ತಗಳಿಂದ ಅವರು ಇಡೀ ಬ್ಯಾಂಡಿನ ಲಯವನ್ನೇ ತಿದ್ದಿದರು ಎಂಬುದು ಪ್ರತಿಭೆ; ಒಂದು ವರ್ಷ ಕಳೆದು ಷಿಕಾಗೊಗೆ ಮರಳಿದರು ಎಂಬುದು ಷರತ್ತು. ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಕತೆ ಇನ್ನೂ ಸ್ಪಷ್ಟ. 1934ರಲ್ಲಿ ಕೋಲ್ಮನ್ ಹಾಕಿನ್ಸ್ ಯೂರೋಪಿಗೆ ಹೋದಾಗ ಅವರ ಜಾಗಕ್ಕೆ ಹೆಂಡರ್ಸನ್ ಯಂಗ್ ಅವರನ್ನು ಕರೆಸಿಕೊಂಡರು. ಹಗುರ ನಾದದ ಯಂಗ್, ಹಾಕಿನ್ಸ್‌ರ ಭಾರದ ನಾದಕ್ಕೆ ಒಗ್ಗಿಹೋಗಿದ್ದ ಆ ಸ್ಯಾಕ್ಸೊಫೋನು ಸಾಲಿಗೆ ಹೊಂದಲಿಲ್ಲ. ಹೆಂಡರ್ಸನ್ ಅವರ ಪತ್ನಿ ಹಾಕಿನ್ಸ್ ತಟ್ಟೆಗಳನ್ನು ಹಾಕಿ ಹಾಕಿ ಕೇಳಿಸುತ್ತಿದ್ದರಂತೆ, ಹೀಗೆ ನುಡಿಸು ಎಂದು. ಕೆಲವೇ ತಿಂಗಳಲ್ಲಿ ಯಂಗ್ ಅಲ್ಲಿಂದ ಹೊರಟರು. ಅದೇ ನಾದ ಕಾನ್ಸಾಸ್ ಸಿಟಿಯಲ್ಲಿ ಒಂದು ಯುಗದ ಗುರುತಾಯಿತು.

ನ್ಯೂಯಾರ್ಕಿನ ಒಳಗೇ ಷರತ್ತು ಬದಲಾದಂತೆ ಶೈಲಿ ಬದಲಾದದ್ದನ್ನೂ ಗಮನಿಸಬೇಕು. ಹಾರ್ಲೆಮ್ಮಿನಲ್ಲಿ ಮನೆ ಬಾಡಿಗೆ ವಿಪರೀತ. ತಿಂಗಳ ಕೊನೆಗೆ ಬಾಡಿಗೆ ಹೊಂದಿಸಲು ಜನ ಮನೆಯಲ್ಲೇ ಔತಣ ಇಟ್ಟು ಬಾಗಿಲಲ್ಲಿ ಹಣ ವಸೂಲು ಮಾಡುತ್ತಿದ್ದರು. ಆ ಕೋಣೆಯಲ್ಲಿ ಬ್ಯಾಂಡಿಗೆ ಜಾಗವಿಲ್ಲ. ಇರುವುದು ಒಂದು ಪಿಯಾನೊ. ಜೇಮ್ಸ್ ಪಿ. ಜಾನ್ಸನ್, ವಿಲಿ ಸ್ಮಿತ್, ಫ್ಯಾಟ್ಸ್ ವಾಲರ್ ಅವರ ಎಡಗೈ ಬಾಸು, ಡ್ರಮ್ಮು ಎರಡರ ಕೆಲಸವನ್ನೂ ಹೊತ್ತು ಉದ್ದುದ್ದ ಜಿಗಿಯುವುದನ್ನು ಕಲಿತದ್ದು ಅಂಥಲ್ಲಿ. ಅದೇ ಹಾರ್ಲೆಮ್ಮಿನ ಕಾಟನ್ ಕ್ಲಬ್‌ನಲ್ಲಿ ನುಡಿಸುವವರು ಕಪ್ಪು ಜನ, ಗಿರಾಕಿಗಳು ಬಿಳಿಯರು ಮಾತ್ರ. 1927ರ ಡಿಸೆಂಬರಿನಲ್ಲಿ ಅಲ್ಲಿಗೆ ಬಂದ ಡ್ಯೂಕ್ ಎಲಿಂಗ್ಟನ್, ಕಾಡಿನ ಕಲ್ಪನೆಯ ರಂಗಸಜ್ಜಿಕೆಗೆ, ನರ್ತಕಿಯರ ಪ್ರವೇಶ ನಿರ್ಗಮನಗಳಿಗೆ ಹೊಂದುವಂತೆ ಬರೆಯಬೇಕಾಯಿತು. ಬಿಳಿಯ ಗಿರಾಕಿಗಳ ಆ ಹುಸಿ ಆಫ್ರಿಕಾ ಚಪಲ ಸಹಿಸಲಾಗದಂಥದು. ಆದರೆ ಪ್ರತಿ ದೃಶ್ಯಕ್ಕೂ ಹೊಸ ನಾದವರ್ಣ ಬೇಕೆಂಬ ಒತ್ತಡ, ದಿನವೂ ತಾಲೀಮಿಗೆ ಸಿಗುವ ಸ್ಥಿರ ತಂಡ, ದೇಶಕ್ಕೆಲ್ಲ ಕೇಳಿಸುವ ರೇಡಿಯೊ, ಈ ಮೂರೂ ಬೇರೆ ಯಾವ ಊರಿನ ಯಾವ ಬ್ಯಾಂಡಿಗೂ ಒಟ್ಟಿಗೆ ಸಿಕ್ಕಿರಲಿಲ್ಲ.

ನನ್ನ ವಾದಕ್ಕೆ ಅತ್ಯಂತ ಬಲವಾದ ಸಾಕ್ಷಿ ಕಾನ್ಸಾಸ್ ಸಿಟಿ. 1930ರ ದಶಕದ ಆರ್ಥಿಕ ಕುಸಿತದಲ್ಲಿ ದೇಶದೆಲ್ಲೆಡೆ ಹಾಲುಗಳು ಮುಚ್ಚುತ್ತಿದ್ದಾಗ ಈ ಊರಿನಲ್ಲಿ ಕೆಲಸವಿತ್ತು. ಟಾಮ್ ಪೆಂಡರ್ಗಾಸ್ಟ್ ಎಂಬ ಪುಢಾರಿಯ ಹಿಡಿತದಲ್ಲಿದ್ದ ನಗರಾಡಳಿತ ಒಂದು ಕಡೆ ಅವನದೇ ಕಾಂಕ್ರೀಟು ಸುರಿದು ದೊಡ್ಡ ದೊಡ್ಡ ಕಟ್ಟಡ ಕಟ್ಟಿಸುತ್ತಿತ್ತು, ಇನ್ನೊಂದು ಕಡೆ ಜೂಜು, ಮದ್ಯದ ಕಡೆ ಕಣ್ಣು ಮುಚ್ಚಿತ್ತು. ಕ್ಲಬ್ಬುಗಳಿಗೆ ಮುಚ್ಚುವ ಹೊತ್ತೆಂಬುದೇ ಇರಲಿಲ್ಲ. ಟೆಕ್ಸಾಸ್, ಓಕ್ಲಹೋಮದ ಊರೂರು ಸುತ್ತುತ್ತಿದ್ದ ತಂಡಗಳು ಒಡೆದು ಅವುಗಳ ವಾದಕರು ಒಬ್ಬೊಬ್ಬರಾಗಿ ಇಲ್ಲಿಗೆ ಬಂದರು. ಬಾಸ್ ವಾದಕ ವಾಲ್ಟರ್ ಪೇಜ್ ಅವರ ಬ್ಲೂ ಡೆವಿಲ್ಸ್ ಅಂಥದೊಂದು ತಂಡ. ಬ್ಲೂಸನ್ನು ಅವರು ಬರುವಾಗಲೇ ಹೊತ್ತು ತಂದಿದ್ದರು. ಕೆಲಸ ಮುಗಿದ ಮೇಲೂ ಇನ್ನೊಂದು ಕ್ಲಬ್ಬು ತೆರೆದಿರುತ್ತಿತ್ತು, ಅಲ್ಲಿ ಯಾರು ಬೇಕಾದರೂ ಹತ್ತಿ ನುಡಿಸಬಹುದಿತ್ತು, ಬೆಳಗಾಗುವ ತನಕ. ಇಂಥ ಜಾಗದಲ್ಲಿ ಕಾಗದ ಪ್ರಯೋಜನಕ್ಕೆ ಬಾರದು. ಬೇಕಾದದ್ದು ಯಾರಾದರೂ ಒಮ್ಮೆ ಕೇಳಿ ಹಿಡಿಯಬಲ್ಲ ಪುಟ್ಟ ಸ್ವರಪುಂಜ, ಅಂದರೆ ರಿಫ್. ಸ್ಯಾಕ್ಸೊಫೋನಿನವರು ಒಂದು ರಿಫ್ ಹಿಡಿದರೆ ಟ್ರಂಪೆಟಿನವರು ಅದಕ್ಕೆ ಎದುರುತ್ತರ ಕಟ್ಟುತ್ತಾರೆ. ಅದರ ಮೇಲೆ ಒಬ್ಬರು ಎಷ್ಟು ಹೊತ್ತಾದರೂ ಏಕವಾದನ ಬೆಳೆಸಬಹುದು. ರಾತ್ರಿಯೆಲ್ಲ ನಡೆಯಬೇಕಾದ ಕುಣಿತಕ್ಕೆ ಡ್ರಮ್ಮಿನ ಭಾರದ ಹೊಡೆತ ದಣಿವು ತರುತ್ತದೆ. ಪೇಜ್ ಅವರ ನಡಿಗೆಯ ಬಾಸು, ಡ್ರಮ್ ವಾದಕ ಜೋ ಜೋನ್ಸ್ ಲಯವನ್ನು ಸಿಂಬಲ್ಲಿಗೆ ಎತ್ತಿಕೊಂಡದ್ದು, ಬ್ಯಾಂಡಿನ ನಾಯಕ ಕೌಂಟ್ ಬೇಸಿಯ ಮಿತವಾದ ಪಿಯಾನೊ, ಎಲ್ಲ ದೂರದ ಓಟಕ್ಕೆ ತಕ್ಕ ಉಸಿರಾಟ.

ಈ ಶೈಲಿ ಊರಿನ ಷರತ್ತಿಗೆ ಎಷ್ಟು ಕಟ್ಟುಬಿದ್ದಿತ್ತು ಎಂಬುದು ಊರು ಬಿಟ್ಟಾಗ ಗೊತ್ತಾಯಿತು. ಕಾನ್ಸಾಸ್ ಸಿಟಿಯ ರೀನೊ ಕ್ಲಬ್‌ನಿಂದ ಪ್ರಸಾರವಾಗುತ್ತಿದ್ದ ಬೇಸಿಯ ಚಿಕ್ಕ ಬ್ಯಾಂಡನ್ನು ತಟ್ಟೆ ನಿರ್ಮಾಪಕ ಜಾನ್ ಹ್ಯಾಮಂಡ್ 1936ರಲ್ಲಿ ಷಿಕಾಗೊದಲ್ಲಿ ಕಾರಿನ ರೇಡಿಯೊದಲ್ಲಿ ಕೇಳಿ ಮರುಳಾದರು. ಆ ವರ್ಷದ ಕೊನೆಗೆ ಬ್ಯಾಂಡು ಷಿಕಾಗೊದ ಗ್ರ್ಯಾಂಡ್ ಟೆರೇಸ್‌ಗೆ ಬಂತು. ಅಲ್ಲಿ ನರ್ತನ ಪ್ರದರ್ಶನಕ್ಕೆ ಬರೆದ ಸಂಗೀತ ನುಡಿಸಬೇಕು. ಓದಿ ನುಡಿಸುವ ರೂಢಿ ತಪ್ಪಿದ್ದ ಬ್ಯಾಂಡು ತಡವರಿಸಿತು. ಫ್ಲೆಚರ್ ಹೆಂಡರ್ಸನ್ ತಮ್ಮದೇ ಬರಹಗಳನ್ನು ಎರವಲು ಕೊಟ್ಟು ಉಳಿಸಿದರು. ರೀನೊದಲ್ಲಿ ಅದ್ಭುತವಾಗಿದ್ದವರೇ ಇವರು. ಊರಿನ ಕೆಲಸ ಬೇರೆಯಾದದ್ದೇ ಕೊರತೆಗೆ ಕಾರಣ. ಇತ್ತ ಪೆಂಡರ್ಗಾಸ್ಟ್ 1939ರಲ್ಲಿ ತೆರಿಗೆ ವಂಚನೆಗೆ ಜೈಲು ಸೇರಿದ, ಸುಧಾರಕರು ಕ್ಲಬ್ಬುಗಳಿಗೆ ಬೀಗ ಹಾಕಿಸಿದರು. ಜೇ ಮ್ಯಾಕ್‌ಶಾನ್, ಅವರ ಬ್ಯಾಂಡಿನಲ್ಲಿದ್ದ ಚಾರ್ಲಿ ಪಾರ್ಕರ್ ನ್ಯೂಯಾರ್ಕಿನ ದಾರಿ ಹಿಡಿದರು. ಇನ್ನೊಂದು ಮಾತು ಇಲ್ಲಿ ಹೇಳಬೇಕು: ಅಂದಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಮೂರು ನಿಮಿಷ. ಗಂಟೆಗಟ್ಟಲೆ ಬೆಳೆಯುವುದೇ ಜೀವವಾದ ಸಂಗೀತವನ್ನು ನಾವು ಮೂರು ನಿಮಿಷದ ತುಣುಕುಗಳಲ್ಲಿ ಕೇಳಿ ಅಳೆಯುತ್ತಿದ್ದೇವೆ.

ಭ್ರಷ್ಟ ಆಡಳಿತ, ತೆರೆದ ಮದ್ಯದಂಗಡಿ ಅಮೆರಿಕದಲ್ಲಿ ಬೇರೆಡೆಯೂ ಇದ್ದವಲ್ಲ, ಅಲ್ಲೆಲ್ಲ ಯಾಕೆ ಒಂದು ಶೈಲಿ ಹುಟ್ಟಲಿಲ್ಲ ಎಂದು ಯಾರಾದರೂ ಕೇಳಿದರೆ ಅದು ಸರಿಯಾದ ಪ್ರಶ್ನೆ. ಷರತ್ತು ಸಂಗೀತವನ್ನು ಹುಟ್ಟಿಸುವುದಿಲ್ಲ. ಬಂದವರು ಏನು ಹೊತ್ತು ತಂದರು ಎಂಬುದೂ ಅಷ್ಟೇ ಮುಖ್ಯ, ಒಂದೇ ಕಾಲಕ್ಕೆ ಸಾಕಷ್ಟು ಮಂದಿ ಬರಬೇಕು, ಹೊಟ್ಟೆಪಾಡು ನಡೆದು ಮಿಕ್ಕ ಹೊತ್ತು ಒಟ್ಟಿಗೆ ಕಳೆಯಲು ಒಂದು ಜಾಗ ಬೇಕು. ಕಾನ್ಸಾಸ್ ಸಿಟಿಯ ಕಪ್ಪು ವಾದಕರ 627ನೆಯ ಸಂಘಕ್ಕೆ ಹೈಲ್ಯಾಂಡ್ ರಸ್ತೆಯಲ್ಲಿ ಸ್ವಂತ ಕಟ್ಟಡವೇ ಇತ್ತು. ನಾನು ಹೇಳುವುದು ಇಷ್ಟೇ: ಹೊತ್ತು ತಂದದ್ದರಲ್ಲಿ ಯಾವುದು ಬೆಳೆಯಿತು, ಯಾವುದು ಬಾಡಿತು ಎಂಬುದನ್ನು ತೀರ್ಮಾನಿಸಿದ್ದು ದುಡಿಮೆ.

ಕಾನೂನು ಮತ್ತು ಸಂಘದ ನಿಯಮಗಳು ಸಂಗೀತದ ಒಳಗೆ ಎಷ್ಟು ಆಳಕ್ಕೆ ಇಳಿಯುತ್ತವೆ ಎಂಬುದಕ್ಕೆ ಬೀಬಾಪ್ ಎಂಬ ಹೊಸ ಜಾಝ್ ಶೈಲಿ ಸಾಕ್ಷಿ. ಸಂಬಳವಿಲ್ಲದೆ ಸೇರಿ ನುಡಿಸುವವರಿಗೆ ನ್ಯೂಯಾರ್ಕಿನ 802ನೆಯ ಸಂಘ ದಂಡ ಹಾಕುತ್ತಿತ್ತು. ಹಾರ್ಲೆಮ್ಮಿನ ಮಿಂಟನ್ಸ್ ಪ್ಲೇಹೌಸಿಗೆ ಆ ಭಯ ಇರಲಿಲ್ಲ, ಯಾಕೆಂದರೆ 1938ರಲ್ಲಿ ಅದನ್ನು ತೆರೆದ ಹೆನ್ರಿ ಮಿಂಟನ್ ಆ ಸಂಘದ ಮೊದಲ ಕಪ್ಪು ಪ್ರತಿನಿಧಿಯಾಗಿದ್ದವರು. ಥೆಲೋನಿಯಸ್ ಮಂಕ್, ಕೆನ್ನಿ ಕ್ಲಾರ್ಕ್, ಡಿಜ್ಜಿ ಗಿಲೆಸ್ಪಿ ಅಲ್ಲಿ ನಿಶ್ಚಿಂತೆಯಿಂದ ಪ್ರಯೋಗ ಮಾಡಿದರು. 1944ರಲ್ಲಿ ಕೇಂದ್ರ ಸರ್ಕಾರ ಕುಣಿತ, ಹಾಡು ಇರುವ ಜಾಗಗಳಿಗೆ ಮೊದಲು ಶೇ 30, ಆಮೇಲೆ ಶೇ 20 ತೆರಿಗೆ ಹಾಕಿತು. ಬರಿಯ ವಾದ್ಯಸಂಗೀತಕ್ಕೆ ವಿನಾಯಿತಿ. ಕುಣಿಯಲಾಗದ, ಹಾಡಿಲ್ಲದ, ಚಿಕ್ಕ ತಂಡದ ಸಂಗೀತ ಮಾಲೀಕರಿಗೆ ಅಗ್ಗವಾದದ್ದು ಹೀಗೆ. ಈ ತೆರಿಗೆ ಬೀಬಾಪನ್ನು ಹುಟ್ಟಿಸಲಿಲ್ಲ, ಅದು ಆಗಲೇ ಹುಟ್ಟಿತ್ತು. ಅದಕ್ಕೆ ಕುರ್ಚಿ ಹಾಕಿಕೊಟ್ಟಿತು. ನ್ಯೂಯಾರ್ಕ್ ನಗರದ 1926ರ ಕ್ಯಾಬರೆ ಕಾನೂನು ಮತ್ತು ಅದರ ತಿದ್ದುಪಡಿಗಳ ಪ್ರಕಾರ ಪರವಾನಗಿ ಇಲ್ಲದ ಹೋಟೆಲುಗಳಲ್ಲಿ ಗಾಳಿವಾದ್ಯ, ಡ್ರಮ್ಮು ನಿಷಿದ್ಧ, ಮೂವರಿಗಿಂತ ಹೆಚ್ಚು ವಾದಕರೂ ನಿಷಿದ್ಧ. ಪಿಯಾನೊ, ತಂತಿವಾದ್ಯ ಮಾತ್ರ ಸರಿ. 1980ರ ದಶಕದಲ್ಲಿ ನ್ಯಾಯಾಲಯ ಈ ಮಿತಿಗಳನ್ನು ತೆಗೆದುಹಾಕುವ ತನಕ ನ್ಯೂಯಾರ್ಕಿನ ಊಟದ ಕೋಣೆಗಳಲ್ಲಿ ಪಿಯಾನೊ ಬಾಸು ಜೋಡಿ ಅಷ್ಟು ನಯವಾಗಿ ಬೆಳೆದದ್ದನ್ನು ನಗರದ ನಾಜೂಕು ಎಂದು ಹೊಗಳುವವರು ಈ ಕಟ್ಟಳೆಯನ್ನು ಓದಿದರೆ ಒಳ್ಳೆಯದು.

ಇನ್ನು ಕೊನೆಯ ಆಕ್ಷೇಪ: ಪ್ರಾದೇಶಿಕ ಶೈಲಿ ಎಂಬುದೇ ತಟ್ಟೆ ಕಂಪನಿಗಳ ಹಣೆಪಟ್ಟಿ. ಪಶ್ಚಿಮ ಕರಾವಳಿ ಜಾಝ್ ವಿಷಯದಲ್ಲಿ ಇದು ಅರ್ಧ ನಿಜ. ತಣ್ಣನೆಯ ಕೂಲ್ ಶೈಲಿಗೆ ಮಾದರಿಯೆನಿಸಿದ ಮೈಲ್ಸ್ ಡೇವಿಸ್ ತಂಡದ 1949-50ರ ಮುದ್ರಣಗಳು ಆದದ್ದು ನ್ಯೂಯಾರ್ಕಿನಲ್ಲಿ. ಅದರಲ್ಲಿದ್ದ ಜೆರ್ರಿ ಮಲ್ಲಿಗನ್ ಲಾಸ್ ಏಂಜಲೀಸಿಗೆ ಹೋಗಿ 1952ರಲ್ಲಿ ಹೇಗ್ ಎಂಬ ಪುಟ್ಟ ಕ್ಲಬ್ಬಿನಲ್ಲಿ ಚೆಟ್ ಬೇಕರ್ ಜೊತೆ ಪಿಯಾನೊ ಇಲ್ಲದ ತಂಡ ಕಟ್ಟಿದರು; ಸಮುದ್ರ, ದೋಣಿಗಳ ಚಿತ್ರವಿದ್ದ ತಟ್ಟೆಯ ಹೊದಿಕೆಗಳು ಉಳಿದದ್ದನ್ನು ಮಾಡಿದವು. ಆದರೆ ಹಣೆಪಟ್ಟಿಯ ಕೆಳಗೆ ಒಂದು ದುಡಿಮೆ ಇತ್ತು. ಶಾರ್ಟಿ ರೋಜರ್ಸ್, ಶೆಲ್ಲಿ ಮ್ಯಾನ್ ಮುಂತಾದವರು ಸ್ಟ್ಯಾನ್ ಕೆಂಟನ್ ಬ್ಯಾಂಡಿನ ಅಲೆದಾಟ ಬಿಟ್ಟು ಅಲ್ಲಿ ನೆಲೆಯಾದದ್ದು ಸಿನಿಮಾ ಸ್ಟುಡಿಯೊಗಳ ಸಂಬಳಕ್ಕೆ. ನೋಡಿದ ಕೂಡಲೇ ಓದಬೇಕು, ಮೈಕಿನ ಮುಂದೆ ಶುದ್ಧ ಶ್ರುತಿ, ಹದವಾದ ನಾದ ಬೇಕು. ಹಗಲಿನ ಆ ಶಿಸ್ತು ರಾತ್ರಿಯ ಜಾಝ್‌ಗೂ ಇಳಿಯಿತು.  ಅದೇ ಕಾಲದಲ್ಲಿ, ಅದೇ ನಗರದ ಸೆಂಟ್ರಲ್ ಅವೆನ್ಯೂವಿನಲ್ಲಿ ಡೆಕ್ಸ್ಟರ್ ಗಾರ್ಡನ್, ಹ್ಯಾಂಪ್ಟನ್ ಹಾಸ್‌ರಂಥವರು ಬೆಳೆಸಿದ್ದು ಬಿಸಿಯಾದ, ಬ್ಲೂಸಿನಲ್ಲಿ ನೆನೆದ ಬೀಬಾಪ್. ಅವರ ಸಂಘ ಬೇರೆ. ಬಿಳಿಯರ 47ನೆಯ ಸಂಘದೊಂದಿಗೆ ಅದು ಒಂದಾದದ್ದು 1953ರಲ್ಲಿ, ಸ್ಟುಡಿಯೊದ ಬಾಗಿಲು ಆಮೇಲೂ ಅರೆತೆರೆದೇ ಇತ್ತು. ಬಿಸಿಲು, ಕಡಲು, ಗಾಳಿ ಇಬ್ಬರಿಗೂ ಒಂದೇ. ಊರಿನ ಸ್ವಭಾವವೇ ಶೈಲಿಯನ್ನು ಮಾಡುವುದಾದರೆ ಒಂದು ಊರಿಗೆ ಎರಡು ಶೈಲಿ ಹೇಗೆ ಬಂತು?

ಡೆಟ್ರಾಯಿಟಿನ ಬಗ್ಗೆ ಒಂದು ಮಾತು ಸಾಕು. ಅಲ್ಲಿ ಕ್ಲಬ್ಬಿಗಿಂತ ಶಾಲೆ ದೊಡ್ಡದು. ಕಾರು ಕಾರ್ಖಾನೆಯ ಕೂಲಿಯಿಂದ ಮನೆಗೆ ಪಿಯಾನೊ ಬಂತು, ಕ್ಯಾಸ್ ಟೆಕ್ನಿಕಲ್ ಹೈಸ್ಕೂಲಿನಂಥ ಸರ್ಕಾರಿ ಶಾಲೆಗಳು ಪಾಶ್ಚಾತ್ಯ ಶಾಸ್ತ್ರೀಯ ತರಬೇತಿ ಕೊಟ್ಟವು, ಪಿಯಾನೊ ವಾದಕ ಬ್ಯಾರಿ ಹ್ಯಾರಿಸ್ ತಮ್ಮ ಮನೆಯಲ್ಲೇ ಪಾಠ ಹೇಳಿದರು. ರಾನ್ ಕಾರ್ಟರ್, ಪಾಲ್ ಚೇಂಬರ್ಸ್, ಟಾಮಿ ಫ್ಲಾನಗನ್ ಅವರಂಥ ಅಚ್ಚುಕಟ್ಟಿನ ವಾದಕರ ಸಾಲೇ ಆ ಊರಿನಿಂದ ಬಂದದ್ದು ಹೀಗೆ.

ಧ್ವನಿಮುದ್ರಣ ಬಂದು ಊರಿನ ಶೈಲಿಗಳನ್ನು ಅಳಿಸಿತು ಎಂಬ ಕೊರಗನ್ನು ಆಗಾಗ ಕೇಳುತ್ತೇವೆ. ಕಾಲಾನುಕ್ರಮ ಅದನ್ನು ಒಪ್ಪುವುದಿಲ್ಲ: ಷಿಕಾಗೊ, ಕಾನ್ಸಾಸ್ ಸಿಟಿ, ಲಾಸ್ ಏಂಜಲೀಸ್ ಶೈಲಿಗಳೆಲ್ಲ ಬೆಳೆದದ್ದು ತಟ್ಟೆ ಮತ್ತು ರೇಡಿಯೊದ ಕಾಲದಲ್ಲೇ. ಎಲ್ಲ ಊರಿನ ವಾದಕರೂ ಒಂದೇ ಬಗೆಯ ಕಾಲೇಜಿನಲ್ಲಿ ಕಲಿತು, ಒಂದೇ ಬಗೆಯ ಉತ್ಸವದಲ್ಲಿ ಗಂಟೆ ಲೆಕ್ಕದಲ್ಲಿ ನುಡಿಸಲು ತೊಡಗಿದ ಮೇಲೆ ಅವು ತೆಳುವಾದವು. ಹಳೆಯ ದುಡಿಮೆ ಉಳಿದ ಕಡೆ ಶೈಲಿಯೂ ಉಳಿದಿದೆ. ನ್ಯೂ ಆರ್ಲಿಯನ್ಸ್‌ನಲ್ಲಿ ಸಹಾಯ ಸಂಘಗಳ ವಾರಸುದಾರ ಕ್ಲಬ್ಬುಗಳು ಇವತ್ತಿಗೂ ಭಾನುವಾರದ ಮೆರವಣಿಗೆಗೆ ಹಣ ಕೊಟ್ಟು ಬ್ಯಾಂಡು ಕರೆಸುತ್ತವೆ. 1970ರ ದಶಕದಲ್ಲಿ ಹಿರಿಯ ವಾದಕ ಡ್ಯಾನಿ ಬಾರ್ಕರ್ ಅಲ್ಲಿನ ಒಂದು ಚರ್ಚಿನ ಹುಡುಗರನ್ನು ಕೂಡಿಸಿ ಬೀದಿಬ್ಯಾಂಡು ಕಲಿಸಿದರು. 1977ರಲ್ಲಿ ಡರ್ಟಿ ಡಜನ್ ಬ್ರಾಸ್ ಬ್ಯಾಂಡ್ ಬೀಬಾಪನ್ನೂ ಫಂಕನ್ನೂ ಅದೇ ಬೀದಿಯ ನಡಿಗೆಗೆ ಇಳಿಸಿತು. 2005ರ ಕತ್ರಿನಾ ಚಂಡಮಾರುತದ ನಂತರ ನಗರಾಡಳಿತ ಮೆರವಣಿಗೆಯ ಪರವಾನಗಿ ಮತ್ತು ಪೊಲೀಸು ಬಂದೋಬಸ್ತಿನ ಶುಲ್ಕವನ್ನು ವಿಪರೀತ ಏರಿಸಿದಾಗ ಆ ಕ್ಲಬ್ಬುಗಳು ನ್ಯಾಯಾಲಯಕ್ಕೆ ಹೋದವು. 2007ರಲ್ಲಿ ಆದ ರಾಜಿಯಲ್ಲಿ ಶುಲ್ಕ ಇಳಿಯಿತು, ಮೆರವಣಿಗೆಗಳು ಮುಂದುವರಿದವು.